ಸಂಬಳ ಕೇಳಬಹುದು, ಸಾಲ ಇಲ್ಲ ಅನ್ನುವಂತಿಲ್ಲ

ಮಂಡ್ಯದಿಂದ ಮಳವಳ್ಳಿ ಕಡೆಗೆ ಹೋಗುವ ಬಸ್ಸು. ಪಕ್ಕಕ್ಕೆ ಬಂದು ಕೂತ ಹಿರಿಯರು ಕಂಡಕ್ಟರ್ ಬರುವುದರೊಳಗೆ ಕೇಳಿ ಮುಗಿಸುವ ಪ್ರಶ್ನೆಗಳು ಇವು: ಯಾವೂರಾಯ್ತು? ಅಲ್ಲಿ ಯಾರ ಪೈಕಿ? ಬೆಂಗ್ಳೂರಲ್ಲಿ ಏನ್ ಕೆಲ್ಸ? ಸಂಬ್ಳ ಎಷ್ಟು ಬತ್ತದೆ? ಸ್ವಂತ ಮನೆಯಾ, ಬಾಡ್ಗೆಯಾ? ಮಕ್ಕಳೆಷ್ಟು? ಒಂದೇನಾ, ಇನ್ನೊಂದು ಬ್ಯಾಡ್ವಾ? ಇವುಗಳಲ್ಲಿ ಯಾವುದಾದರೂ ಒಂದನ್ನು ಬೆಂಗಳೂರಿನ ಮೆಟ್ರೊದಲ್ಲಿ ಪಕ್ಕದವರಿಗೆ ಕೇಳಿದರೆ ಅವರು ಮುಂದಿನ ನಿಲ್ದಾಣದಲ್ಲಿ ಇಳಿದು ಬೇರೆ ಬೋಗಿ ಹತ್ತಿಯಾರು. ಎಲ್ಲವನ್ನೂ ಕೇಳಿದರೆ ಸೆಕ್ಯುರಿಟಿಯವರನ್ನೇ ಕರೆದಾರು.

ಹೀಗಾಗಿ ಹಳ್ಳಿಯವರದು ನೇರ ಮಾತು, ಪೇಟೆಯವರದು ನಯದ ಮಾತು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹಳ್ಳಿಯ ಅಭಿಮಾನಿಗಳು ಇದನ್ನೇ ತುಸು ತಿರುಗಿಸಿ, ಅಲ್ಲಿಯದು ಕಪಟವಿಲ್ಲದ ಮಾತು, ಇಲ್ಲಿಯದು ಬಣ್ಣದ ಮಾತು ಅನ್ನುತ್ತಾರೆ. ಎರಡೂ ಪಕ್ಷದವರು ಪ್ರಶ್ನೆಗಳನ್ನಷ್ಟೇ ಕೇಳಿಸಿಕೊಂಡಿದ್ದಾರೆ, ಉತ್ತರಗಳನ್ನಲ್ಲ. ಬಸ್ಸಿನಲ್ಲಿ ಎಗ್ಗಿಲ್ಲದೆ ಸಂಬಳ ವಿಚಾರಿಸಿದ ಅದೇ ಹಿರಿಯರ ಮನೆಗೆ ಯಾರಾದರೂ ಸಾಲ ಕೇಳಲು ಬಂದಾಗ ಜಗಲಿಯ ಮೇಲೆ ನಡೆಯುವ ಮಾತುಕತೆಯನ್ನು ನೋಡಬೇಕು.

ಬಂದವನು ಸಾಲದ ಸುದ್ದಿಯನ್ನೇ ಎತ್ತುವುದಿಲ್ಲ. ಮೊದಲು ಮಳೆ. ಆಮೇಲೆ ನಾಲೆಗೆ ನೀರು ಬಿಟ್ಟರೋ ಇಲ್ಲವೋ. ಕಾಫಿ ಬರುತ್ತದೆ, ಎಮ್ಮೆ ಎಷ್ಟು ಕರೆಯುತ್ತದೆ ಎಂಬಲ್ಲಿಗೆ ಮಾತು ಹೋಗುತ್ತದೆ. ಅರ್ಧ ಗಂಟೆ ಕಳೆದು, ಎದ್ದು ಟವೆಲು ಕೊಡವಿಕೊಂಡು, ಮೆಟ್ಟಿಲ ಹತ್ತಿರ ಹೋದವನು ಏನೋ ಮರೆತವನಂತೆ ತಿರುಗುತ್ತಾನೆ. "ಏನಿಲ್ಲ ಕನಣ್ಣ, ಮಗಳ ಕಾಲೇಜ್ ಫೀಸು ಕಟ್ಬೇಕಿತ್ತು. ಒಂದಿಪ್ಪತ್ತು ಸಾವ್ರ ಇದ್ರೆ..." ವಾಕ್ಯ ಅಲ್ಲಿಗೇ ನಿಲ್ಲುತ್ತದೆ. ಪೂರ್ತಿ ಮಾಡುವುದು ಮರ್ಯಾದೆಯಲ್ಲ. "ನಿಂಗೆ ಇಲ್ಲ ಅಂತೀನಾ? ಫ್ಯಾಕ್ಟ್ರಿಯೋರು ಇನ್ನೂ ಕಬ್ಬಿನ ಬಿಲ್ಲು ಕೊಟ್ಟಿಲ್ಲ ಕನಪ್ಪ. ಬರ್ಲಿ, ನೋಡಾನ." ಅಷ್ಟೇ. ಕೇಳಿದವನಿಗೆ ಇಲ್ಲ ಅಂದದ್ದು ಅರ್ಥವಾಯಿತು. ಹೇಳಿದವನಿಗೆ ಅವನಿಗೆ ಅರ್ಥವಾಯಿತೆಂದು ಅರ್ಥವಾಯಿತು. ಬಿಲ್ಲು ಬಂದ ದಿನ ಅವನು ಮತ್ತೆ ಬಂದು ಮೆಟ್ಟಿಲ ಹತ್ತಿರ ನಿಲ್ಲುವುದಿಲ್ಲ. ಪಟ್ಟಣದಲ್ಲಿ ಬೆಳೆದ ಅಳಿಯನೋ ಮೊಮ್ಮಗನೋ ಆಗಿದ್ದರೆ ಮೊಬೈಲಿನಲ್ಲಿ ರಿಮೈಂಡರ್ ಹಾಕಿಕೊಂಡು ಸರಿಯಾಗಿ ಅದೇ ದಿನ ಬಂದು ನಿಂತು ಎಲ್ಲರಿಗೂ ಮುಜುಗರ ಮಾಡುತ್ತಿದ್ದ.

ಅಂದರೆ, ಕೇಳುವ ವಿಷಯದಲ್ಲಿ ಹಳ್ಳಿ ನೇರ; ಒಲ್ಲೆ ಎನ್ನುವ ವಿಷಯದಲ್ಲಿ ಮಹಾ ಬಳಸು. ನಗರದ್ದು ತಿರುವುಮುರುವು. ಅಲ್ಲಿ ಪ್ರಶ್ನೆಗೆ ಹತ್ತು ಮುಸುಕು, ನಿರಾಕರಣೆಗೆ ಒಂದೂ ಇಲ್ಲ. "ಮೆಜೆಸ್ಟಿಕ್ ಬರ್ತೀರಾ?" "ಬರಲ್ಲ." ಆಟೊ ಆಗಲೇ ಮುಂದಿನ ತಿರುವಿನಲ್ಲಿರುತ್ತದೆ. ಊರಿನಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಕೇಳಿ ನೋಡಿ, ಇಂಥ ಒಂಟಿ ಪದದ ಉತ್ತರ ಯಾರ ಬಾಯಿಂದಲೂ ಬಾರದು. ಟೈರು ಪಂಚರಾಗಿರುತ್ತದೆ, ಡ್ರೈವರ್ ಹುಡುಗ ಅತ್ತೆ ಮನೆಗೆ ಹೋಗಿರುತ್ತಾನೆ, ಇನ್ನೂ ಏನಾದರೂ ಆಗಿರುತ್ತದೆ. ಸುಳ್ಳು ಎಂದು ಇಬ್ಬರಿಗೂ ಗೊತ್ತು. ಆದರೆ ಅಷ್ಟು ಸುಳ್ಳು ಹೇಳುವ ಶ್ರಮವನ್ನಾದರೂ ಪಟ್ಟ ಎನ್ನುವುದೇ ಅಲ್ಲಿ ಗೌರವ.

ಇದು ಯಾರ ಸ್ವಭಾವದ ಪ್ರಶ್ನೆಯೂ ಅಲ್ಲ. ನಾಳೆಯೂ ಇದೇ ಮುಖವನ್ನು ನೋಡಬೇಕೋ ಬೇಡವೋ ಎಂಬ ಲೆಕ್ಕ. ಹಳ್ಳಿಯಲ್ಲಿ ಇಂದು ಸಾಲ ಕೇಳಿದವನ ಹೊಲದ ಬದುವಿನ ಮೇಲೆ ನಾಳೆ ನಮ್ಮ ಗಾಡಿ ಹೋಗಬೇಕು. ನಾಟಿಗೆ ಮುಯ್ಯಾಳು ಅವನ ಮನೆಯಿಂದ ಬರಬೇಕು. ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಎದೆ ನೋವು ಬಂದರೆ ಅವನ ಓಮ್ನಿಯನ್ನೇ ಕೇಳಬೇಕು. ಹೀಗೆ ಒಬ್ಬರ ಮೇಲೊಬ್ಬರು ಹೊಸೆದುಕೊಂಡಿರುವ ಕಡೆ ‘ಇಲ್ಲ’ ಎಂಬ ಎರಡಕ್ಷರ ತುಂಬಾ ದುಬಾರಿ.

ಇನ್ನು ಪ್ರಶ್ನೆಗಳ ಮಾತು. ಊರಿನಲ್ಲಿ ಯಾರಿಗೆ ಎಷ್ಟು ಎಕರೆ, ಯಾರ ಮಗ ಎಷ್ಟು ಸಲ ಎಸ್ಸೆಸ್ಸೆಲ್ಸಿ ಕಟ್ಟಿದ, ಯಾರ ಮನೆ ಒಡವೆ ಸೊಸೈಟಿಯಲ್ಲಿ ಅಡ ಇದೆ ಎಂಬುದೆಲ್ಲ ಮೊದಲೇ ಬಯಲು. ಗೊತ್ತಿರುವುದನ್ನು ಕೇಳಿದರೆ ತಪ್ಪೇನು? ಹೊರಗಿನಿಂದ ಬಂದವನೊಬ್ಬನ ವಿಷಯ ಮಾತ್ರ ಗೊತ್ತಿಲ್ಲ, ಹಾಗಾಗಿ ಅವನನ್ನು ಈ ಬಲೆಯೊಳಗೆ ಎಲ್ಲಾದರೂ ಒಂದು ಗಂಟಿಗೆ ಕಟ್ಟಿಕೊಳ್ಳುವವರೆಗೂ ಅವರಿಗೆ ನೆಮ್ಮದಿ ಇಲ್ಲ. "ಓ, ನೀನು ನಮ್ ತಂಗಿ ಕೊಟ್ಟಿರೋ ಊರಿನವ್ನು!" ಎಂಬ ಉದ್ಗಾರ ಬಂತೆಂದರೆ ವಿಚಾರಣೆ ಮುಗಿಯಿತು. ಅಲ್ಲಿಂದ ಮುಂದೆ ನೀವು ಅಳಿಯನೋ ಮಗನೋ ಆಗುತ್ತೀರಿ, ಚೀಲದಿಂದ ಕಡ್ಲೆಕಾಯಿ ಹೊರಗೆ ಬರುತ್ತದೆ. ಏನೂ ಕೇಳದೆ ಸುಮ್ಮನೆ ಕೂತುಬಿಟ್ಟರೆ? "ಮಾತಾಡ್ಸೂ ಇಲ್ಲ, ಏನ್ ಗತ್ತು" ಎಂಬ ಅಪವಾದ ಗ್ಯಾರಂಟಿ.

ಈ ಬಯಲುತನದ ಪರಮಾವಧಿಯನ್ನು ನೋಡಬೇಕಾದರೆ ಮದುವೆ ಮನೆಯ ಮುಯ್ಯಿ ನೋಡಬೇಕು. ಚಪ್ಪರದಡಿ ಒಬ್ಬರು ನೋಟ್ ಪುಸ್ತಕ ಹಿಡಿದು ಕೂತಿರುತ್ತಾರೆ. ಪಕ್ಕದಲ್ಲಿ ಮೈಕು ಹಿಡಿದವನು ಇಂಥ ಊರಿನ ಇಂಥವರಿಂದ ಐನೂರಾ ಒಂದು ರೂಪಾಯಿ ಎಂದು ಅಡುಗೆ ಮನೆಯವರೆಗೂ ಕೇಳುವಂತೆ ಓದುತ್ತಾನೆ. ಆ ಪುಸ್ತಕ ಮುಂದೆ ವರ್ಷಗಟ್ಟಲೆ ಟ್ರಂಕಿನಲ್ಲಿ ಭದ್ರ. ಅವರ ಮನೆಯ ಮದುವೆಗೆ ಎಷ್ಟು ಮಾಡಬೇಕೆಂಬುದಕ್ಕೆ ಅದೇ ಆಧಾರ. ನಗರದ ಕಲ್ಯಾಣಮಂಟಪದಲ್ಲಿ ಅದೇ ಐನೂರಾ ಒಂದು ಅಂಟಿಸಿದ ಕವರಿನಲ್ಲಿ ಹೋಗುತ್ತದೆ. ಕೊಟ್ಟದ್ದೆಷ್ಟೆಂದು ಕೇಳಿದವರು ನಾಗರಿಕರೇ ಅಲ್ಲ. ಇನ್ನೂ ಮೇಲಿನ ಮಟ್ಟದವರ ಆಹ್ವಾನಪತ್ರಿಕೆಯಲ್ಲಿ ಆಶೀರ್ವಾದವೇ ಉಡುಗೊರೆ ಎಂದಿರುತ್ತದೆ. ಅದನ್ನು ನಂಬಿ ಬರಿಗೈಲಿ ಹೋಗಬಹುದೋ ಹೋಗಬಾರದೋ ಎಂದು ಗಂಡ ಹೆಂಡತಿ ಕಾರಿನಲ್ಲಿ ದಾರಿಯುದ್ದಕ್ಕೂ ಚರ್ಚಿಸುತ್ತಾರೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದರು. ಅದಕ್ಕೆ ಅವರಿಟ್ಟ ಹೆಸರು ರಾಂಪುರ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ, ವರ್ಷಗಳ ಕಾಲ ಕೂತು ಸಿದ್ಧಪಡಿಸಿದ್ದ ಅವರ ಟಿಪ್ಪಣಿಗಳು ಸುಟ್ಟುಹೋದವು. ಬಹುಮಟ್ಟಿಗೆ ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಅದರಲ್ಲಿ ಊರಿನ ಸಂಬಂಧಗಳ ಗುಣ ಎಂಥದ್ದು ಎಂಬುದಕ್ಕೇ ಒಂದು ಅಧ್ಯಾಯವಿದೆ. ಕೊಡುಕೊಳು, ಮೇಲುಕೀಳು, ಮುಖ ಉಳಿಸಿಕೊಳ್ಳುವುದು, ಸ್ನೇಹ ಮತ್ತು ಹಗೆ, ಊರ ಮಾತು, ಹೊಟ್ಟೆಕಿಚ್ಚು ಎಲ್ಲ ಅಲ್ಲಿ ಒಂದರ ಪಕ್ಕ ಒಂದು ಕೂತಿವೆ. ಈ ಜೋಡಣೆಯೇ ನನಗೆ ಮುಖ್ಯ ಅನ್ನಿಸುವುದು. ಮುಯ್ಯಾಳು ಬರುವ ಮನೆಯಿಂದಲೇ ಚಾಡಿಯೂ ಬರುತ್ತದೆ.

ಹಾಗೆಂದು ಹಳ್ಳಿಯ ಪ್ರಶ್ನೆಗಳಿಗೆ ಬೇಲಿಯೇ ಇಲ್ಲ ಎಂದುಕೊಳ್ಳಬೇಡಿ. ಸಂಬಳ ಕೇಳುವ ಬಾಯಿ, ಹೊಸಿಲು ದಾಟಿ ಹೊರಟವನನ್ನು ‘ಎಲ್ಲಿಗೆ’ ಎಂದು ಮಾತ್ರ ಕೇಳುವುದಿಲ್ಲ. ಹೋದ ಕೆಲಸ ಕೆಡುತ್ತದೆ. ತಿಳಿದುಕೊಳ್ಳದೆ ಇರಲೂ ಆಗದು. ಅದಕ್ಕೇ "ದೂರ ಹೊರಟಂಗದೆ?" ಎಂಬ ಸುತ್ತು. "ಹಿಂಗೇ, ಇಲ್ಲೇ" ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಬೇಕು. ಹೋಗುವವನು ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುವುದು, ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವುದು ಇದೇ ಜಾತಿಯವು. ಬಸ್ಸಿನಲ್ಲಿ ಬೆವರಿಳಿಸುವಂತೆ ಪ್ರಶ್ನೆ ಕೇಳಿಸಿಕೊಂಡ ನಗರವಾಸಿ, ಮನೆಯಿಂದ ಹೊರಟ ಅಜ್ಜಿಯನ್ನು "ಎಲ್ಲಿಗಜ್ಜಿ?" ಎಂದು ಗಟ್ಟಿಯಾಗಿ ಕೂಗಿ ಕೇಳಿ ಬೈಸಿಕೊಳ್ಳುತ್ತಾನೆ. ಆಗ ಒರಟ ಯಾರು?

ಮಾತಿನ ಮರ್ಯಾದೆಯನ್ನು ಶಾಸ್ತ್ರವಾಗಿ ನೋಡಿದವರಲ್ಲಿ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಹೆಸರು ದೊಡ್ಡದು. 1978ರಲ್ಲಿ ಮೊದಲು ಬಂದು 1987ರಲ್ಲಿ ಪುಸ್ತಕವಾದ ಅವರ ಅಧ್ಯಯನ ಮೂರು ಭಾಷೆಗಳನ್ನು ಹಿಡಿದು ಹೊರಟಿತ್ತು: ಇಂಗ್ಲಿಷ್, ಮೆಕ್ಸಿಕೊದ ತ್ಸೆಲ್ತಾಲ್, ಮತ್ತು ತಮಿಳು. ತಮಿಳಿನ ಮಾತುಗಳು ಸಿಕ್ಕಿದ್ದು ಕೊಯಮತ್ತೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ, ನಮ್ಮ ಗಡಿಯ ಬಗಲಲ್ಲೇ. ಪ್ರತಿಯೊಬ್ಬರಿಗೂ ಎರಡು ಆಸೆ ಎಂಬುದು ಅವರ ತಳಹದಿ. ನನ್ನನ್ನು ನಿಮ್ಮವನೆಂದು ಕಾಣಿ ಎಂಬುದು ಒಂದು, ನನ್ನ ಪಾಡಿಗೆ ನನ್ನನ್ನು ಬಿಡಿ ಎಂಬುದು ಇನ್ನೊಂದು. ಮಾತಾಡುವ ಇಬ್ಬರ ನಡುವಿನ ಅಂತರ, ಯಾರ ಕೈ ಮೇಲೆ ಎಂಬುದು, ಕೇಳುತ್ತಿರುವ ಕೆಲಸದ ಭಾರ, ಈ ಮೂರನ್ನು ತೂಗಿ ನಾವು ಮಾತಿನ ಧಾಟಿ ಆರಿಸಿಕೊಳ್ಳುತ್ತೇವಂತೆ. ಬಸ್ಸಿನ ಹಿರಿಯರು ಮೊದಲ ಆಸೆಯನ್ನು ತಣಿಸಲು ಹೊರಟಿದ್ದಾರೆ. ಮೆಟ್ರೊದವರು ಎರಡನೆಯದನ್ನು ಕಾಯುತ್ತಿದ್ದಾರೆ. ಇಬ್ಬರೂ ತಮ್ಮ ಪ್ರಕಾರ ಸೌಜನ್ಯವನ್ನೇ ತೋರುತ್ತಿದ್ದಾರೆ. ಎದುರಿನವರು ಯಾವ ಆಸೆಯಲ್ಲಿದ್ದಾರೆ ಎಂಬ ಅಂದಾಜು ತಪ್ಪುವುದರಿಂದಲೇ ಜಗಳ.

ನಗರಕ್ಕೆ ಈ ‘ನನ್ನ ಪಾಡಿಗೆ ಬಿಡಿ’ ಎಂಬುದು ಸೊಕ್ಕಿನಿಂದ ಬಂದದ್ದಲ್ಲ ಎಂದು 1903ರಲ್ಲೇ ಜರ್ಮನಿಯ ಗಿಯೋರ್ಗ್ ಸಿಮೆಲ್ ಬರೆದಿದ್ದ. ದಿನಕ್ಕೆ ಸಾವಿರ ಮುಖ ಎದುರಾಗುವ ಕಡೆ ಪ್ರತಿ ಮುಖಕ್ಕೂ ಮನಸ್ಸು ಕೊಡುತ್ತಾ ಹೋದರೆ ಆಳು ಉಳಿಯುವುದಿಲ್ಲ. ಬಿಗುಮಾನ ಅಲ್ಲಿ ಆತ್ಮರಕ್ಷಣೆ. 1963ರಲ್ಲಿ ಅರ್ವಿಂಗ್ ಗಾಫ್‌ಮನ್ ಇದರ ಸೂಕ್ಷ್ಮವೊಂದನ್ನು ಹಿಡಿದ. ಅಪರಿಚಿತರು ಎದುರಾದಾಗ ಒಂದು ಕ್ಷಣ ನೋಡಿ, ನೀವಿರುವುದು ಗೊತ್ತಾಯಿತು ಎಂದು ತೋರಿಸಿ, ತಕ್ಷಣ ಕಣ್ಣು ಹೊರಳಿಸುವುದು ನಗರದ ನಮಸ್ಕಾರ. ನಮ್ಮ ಲಿಫ್ಟುಗಳಲ್ಲಿ ಇದನ್ನು ದಿನವೂ ನೋಡಬಹುದು. ಎಲ್ಲರೂ ಬಾಗಿಲ ಮೇಲಿನ ಅಂಕಿಗಳನ್ನು ಪರೀಕ್ಷೆಗೆ ಓದುವವರಂತೆ ಓದುತ್ತಿರುತ್ತಾರೆ.

ಸ್ಟ್ಯಾನ್ಲಿ ಮಿಲ್‌ಗ್ರಾಮ್ 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಪ್ರಯೋಗದ ವರದಿಯಿದೆ. ಅವನ ವಿದ್ಯಾರ್ಥಿಗಳು ನ್ಯೂಯಾರ್ಕಿನಲ್ಲೂ ಸಣ್ಣ ಊರುಗಳಲ್ಲೂ ಮನೆಗಳ ಗಂಟೆ ಬಾರಿಸಿ, ಗೆಳೆಯನ ವಿಳಾಸ ಕಳೆದುಹೋಗಿದೆ, ಒಂದು ಫೋನ್ ಮಾಡಿಕೊಳ್ಳಬಹುದೇ ಎಂದು ಕೇಳಿದರು. ನಗರದಲ್ಲಿ ಶೇ 75ರಷ್ಟು ಮಂದಿ ಮುಚ್ಚಿದ ಬಾಗಿಲ ಹಿಂದಿನಿಂದಲೇ ಕೂಗಿ ಅಥವಾ ಕಿಂಡಿಯಲ್ಲಿ ಇಣುಕಿ ಉತ್ತರಿಸಿದರೆ, ಸಣ್ಣ ಊರುಗಳಲ್ಲಿ ಶೇ 75ರಷ್ಟು ಮಂದಿ ಬಾಗಿಲು ತೆರೆದರು. ಅಮೆರಿಕದ ಲೆಕ್ಕವನ್ನು ನಮಗೆ ಹಾಗೇ ಹಾಕಲಾಗದು. ನಮ್ಮಲ್ಲಿ ವ್ಯತ್ಯಾಸ ಮನೆ ಕಟ್ಟುವುದರಲ್ಲೇ ಶುರುವಾಗುತ್ತದೆ. ಜಗಲಿ ಅರ್ಧ ಮನೆಯದು, ಅರ್ಧ ಬೀದಿಯದು. ದಾರಿಹೋಕ ಅಲ್ಲಿ ಕೂರುವುದಕ್ಕೆ ಅಪ್ಪಣೆ ಬೇಕಿರಲಿಲ್ಲ (ಎಲ್ಲ ದಾರಿಹೋಕರಿಗೂ ಅಲ್ಲ, ಆ ಮಾತು ಮುಂದೆ ಬರುತ್ತದೆ). ಅಪಾರ್ಟ್‌ಮೆಂಟಿನಲ್ಲಿ ಜಗಲಿಯ ಕೆಲಸವನ್ನು ಗೇಟಿನ ಕಾವಲುಗಾರನ ರಿಜಿಸ್ಟರೂ ಮೊಬೈಲ್ ಆ್ಯಪೂ ಮಾಡುತ್ತವೆ. ಊರಿಂದ ರಾಗಿ ಮೂಟೆ ಹೊತ್ತು ಬಂದ ಸೋದರಮಾವ ಹೆಸರು, ಫೋನ್ ನಂಬರು, ಬಂದ ಉದ್ದೇಶ ಬರೆದು ಒಳಗೆ ಬರಬೇಕು. ಉದ್ದೇಶ ಎಂಬ ಕಲಮಿನಲ್ಲಿ ಏನು ಬರೆಯುವುದು? ನೇರ ಪ್ರಶ್ನೆ ಕೇಳದ ನಗರ ಇಲ್ಲಿ ಕಾಗದದ ಮೇಲೆ ಕೇಳಿಬಿಡುತ್ತದೆ.

ಕೌಂಟರುಗಳಲ್ಲಿ ನಗರ ಇನ್ನೂ ಚುಟುಕು. 1980ರ ದಶಕದಿಂದ ಬೆಂಗಳೂರಿನಲ್ಲಿ ಹಬ್ಬಿದ ದರ್ಶಿನಿ ಹೋಟೆಲುಗಳಲ್ಲಿ ಅರ್ಧ ನಿಮಿಷ ನಿಂತು ನೋಡಿ. ‘ಎರಡು ಇಡ್ಲಿ ಒಂದು ವಡೆ’ ಎಂಬ ಕೂಗು, ಟೋಕನ್ನು, ತಟ್ಟೆ ಕುಟ್ಟುವ ಸದ್ದು, "ಸಾಂಬಾರ್ ಮಿಕ್ಸಾ, ಸಪರೇಟಾ?" ಎಂಬ ಒಂದೇ ಒಂದು ವಿಚಾರಣೆ. ದಯವಿಟ್ಟು ಇಲ್ಲ, ಉಪಚಾರ ಇಲ್ಲ, ಇನ್ನೊಂದು ಹಾಕಿಸಿಕೊಳ್ಳಿ ಎಂಬ ಒತ್ತಾಯ ಇಲ್ಲ. ಹಳ್ಳಿಯ ಮನೆಯಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು ಸಾಕು ಸಾಕು ಎಂದರೂ ಬೆರಳ ಸಂದಿಯಲ್ಲಿ ಸಾರು ಬಿಡುವವರಿದ್ದಾರೆ. ಮೊದಲ ‘ಸಾಕು’ ಲೆಕ್ಕಕ್ಕಿಲ್ಲ ಎಂಬ ನಿಯಮದಲ್ಲಿ ಬೆಳೆದವನು ನಗರದ ಮನೆಗೆ ಹೋದಾಗ ಪಾಡು ಬೇರೆ. "ಕಾಫಿ ತಗೋತೀರಾ?" ಎಂದರೆ ಸಂಕೋಚಕ್ಕೆ ಬೇಡ ಅನ್ನುತ್ತಾನೆ. ಅವರು "ಸರಿ" ಅಂದುಬಿಡುತ್ತಾರೆ. ಅವನು ಒಣಗಿದ ಗಂಟಲಲ್ಲಿ ಮನೆಗೆ ಹಿಂದಿರುಗಿ, ಅವರ ಮನೆಯಲ್ಲಿ ಒಂದು ಲೋಟ ಕಾಫಿಗೂ ಗತಿಯಿಲ್ಲ ಅನ್ನುತ್ತಾನೆ.

ಇಷ್ಟು ಹೇಳಿದ ಮೇಲೆ ನಗರ ಎಲ್ಲ ಕಡೆಯೂ ಕಡ್ಡಿ ಮುರಿದಂತೆ ಮಾತಾಡುತ್ತದೆ ಎಂದರೆ ಅದೂ ತಪ್ಪು. ಆಟೊದವನ ‘ಬರಲ್ಲ’ ಕೇಳಿಸಿಕೊಂಡು ಆಫೀಸು ತಲುಪಿದವನು ಅಲ್ಲಿ ಏನು ಕೇಳಿಸಿಕೊಳ್ಳುತ್ತಾನೆ ನೋಡಿ. ಮೀಟಿಂಗಿನಲ್ಲಿ ಅವನ ಸಲಹೆಗೆ "ಒಳ್ಳೆ ಪಾಯಿಂಟು, ಇದನ್ನ ಆಮೇಲೆ ಸಪರೇಟಾಗಿ ಮಾತಾಡೋಣ" ಎಂಬ ಉತ್ತರ ಬರುತ್ತದೆ. ಅದು ಕಬ್ಬಿನ ಬಿಲ್ಲೇ. ಬಾಸಿನ ಮುಖವನ್ನು ನಾಳೆಯೂ ನೋಡಬೇಕು, ಸಹೋದ್ಯೋಗಿಯ ಮುಖವನ್ನೂ. ಹಾಗಾಗಿ ಆಫೀಸು ನಗರದ ನಡುವೆ ಕೂತಿರುವ ಒಂದು ಹಳ್ಳಿ.

ಅಪಾರ್ಟ್‌ಮೆಂಟೂ ಅಷ್ಟೆ. ಹಿತ್ತಲಿನ ಸೋರೆಕಾಯಿ ಕಳುವಾದಾಗ ಊರಿನ ಹೆಂಗಸು ಬೀದಿಗೆ ಬಂದು ಸೆರಗು ಸಿಕ್ಕಿಸಿಕೊಂಡು ನಿಲ್ಲುತ್ತಾಳೆ. "ಯಾವಳೋ ಕಿತ್ಕೊಂಡ್ ಹೋಗವ್ಳೆ, ಅವಳ ಕೈ ಸೇದೋಗ, ಅವಳ ಮನೆ ಸಾರು ಹಳಸೋಗ!" ಧ್ವನಿ ಮೂರು ಬೀದಿಗೆ ಕೇಳುತ್ತದೆ. ಇದಕ್ಕಿಂತ ನೇರ ಮಾತುಂಟೇ ಎಂದು ಹೊರಗಿನವನಿಗೆ ಅನ್ನಿಸಬಹುದು. ಆದರೆ ಗಮನಿಸಿ, ಹೆಸರು ಬಂದಿಲ್ಲ. ಕದ್ದವಳು ನಾಲ್ಕನೇ ಮನೆಯಲ್ಲಿ ಒಲೆ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದಾಳೆ. ಬೈಯುವವಳಿಗೂ ಅದು ಗೊತ್ತು. ಸಂಜೆ ಇಬ್ಬರೂ ಒಂದೇ ನಲ್ಲಿಯ ಮುಂದೆ ಬಿಂದಿಗೆ ಇಡಬೇಕು, ಇಟ್ಟಾಗ ಇಬ್ಬರ ಮುಖವೂ ಉಳಿದಿರಬೇಕು. ಈಗ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಬನ್ನಿ. "ಕೆಲವು ನಿವಾಸಿಗಳು ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್ ಇಟ್ಟಿರುವುದು ಗಮನಕ್ಕೆ ಬಂದಿದೆ. ದಯವಿಟ್ಟು ಸಹಕರಿಸಿ." ಕೆಳಗೆ ಕೈಮುಗಿದ ಎರಡು ಎಮೋಜಿ. ಆ ಮಹಡಿಯಲ್ಲಿ ಚಪ್ಪಲಿ ಸ್ಟ್ಯಾಂಡ್ ಇರುವುದು ಒಂದೇ ಮನೆಗೆ. ‘ಯಾವಳೋ’ ಮತ್ತು ‘ಕೆಲವು ನಿವಾಸಿಗಳು’ ಇವೆರಡರ ನಡುವೆ ವ್ಯಾಕರಣದ ಅಂತರ ಬಿಟ್ಟರೆ ಬೇರೇನೂ ಇಲ್ಲ. ನನ್ನನ್ನು ಕೇಳಿದರೆ ಸೋರೆಕಾಯಿಯ ಬೈಗುಳವೇ ವಾಸಿ, ಅದರಲ್ಲಿ ಕಲ್ಪನಾಶಕ್ತಿಯಾದರೂ ಇದೆ.

ಊರಿನಿಂದ ಊರಿಗೂ ಈ ಅಳತೆ ಬದಲಾಗುವುದು ಬೆಂಗಳೂರಿನಲ್ಲಿ ದಿನವೂ ಪೇಚಿಗೆ ಸಿಕ್ಕಿಸುತ್ತದೆ. ಹುಬ್ಬಳ್ಳಿ ಕಡೆಯ ಹುಡುಗ ಪ್ರತಿ ಮಾತಿಗೂ ರೀ ಹಚ್ಚಿ "ಏನ್ರೀ?" ಎಂದರೆ ಅವನ ಮಟ್ಟಿಗೆ ಅದು ಪೂರ್ತಿ ಗೌರವ. ಬೆಂಗಳೂರಿನ ಕಿವಿಗೆ "ಏನ್ರೀ" ಎಂಬುದು ಸ್ಕೂಟರು ಡಿಕ್ಕಿಯಾದಾಗ ಕೇಳುವ ಪದ. ಕರಾವಳಿಯವರ ‘ಮಾರಾಯ್ರೆ’ ಹಿರಿಯರಿಗೂ ಸಲ್ಲುತ್ತದೆ, ಕೇಳಿ ಅಭ್ಯಾಸವಿಲ್ಲದವರಿಗೆ ಸಲುಗೆ ಜಾಸ್ತಿಯಾಯಿತು ಅನ್ನಿಸುತ್ತದೆ. ಈ ತಾಪತ್ರಯವೇ ಬೇಡವೆಂದು ನಗರ ಎಲ್ಲರಿಗೂ ‘ಸರ್’, ‘ಮೇಡಂ’ ಹಂಚಿ ಕೈ ತೊಳೆದುಕೊಂಡಿದೆ. ಹಳ್ಳಿಯಿಂದ ಬಂದವನು ರೂಢಿಯಂತೆ ‘ಆಂಟಿ’ ಎಂದನೋ, ಸತ್ತ. ನೆಂಟಸ್ತಿಕೆಯ ಹೆಸರು ಅವನಿಗೆ ಗೌರವ. ಕರೆಸಿಕೊಂಡವರಿಗೆ ಅದು ವಯಸ್ಸಿನ ಸರ್ಟಿಫಿಕೇಟು.

ಆದರೆ ಆ ‘ಸರ್’ ಅನ್ನು ಅಷ್ಟು ಹಗುರವಾಗಿ ತೆಗೆದುಹಾಕುವಂತಿಲ್ಲ. ಹಳ್ಳಿಯ ಮರ್ಯಾದೆಯನ್ನು ಹೊಗಳುವಾಗ ಆ ಮರ್ಯಾದೆ ಯಾರಿಂದ ಯಾರಿಗೆ ಹರಿಯುತ್ತಿತ್ತು ಎಂದು ಕೇಳಬೇಕು. ಎಪ್ಪತ್ತು ದಾಟಿದ ದಲಿತ ಮುದುಕನನ್ನು ಜಮೀನ್ದಾರರ ಮನೆಯ ಹತ್ತು ವರ್ಷದ ಹುಡುಗ ‘ಬಾರ್ಲಾ’ ಎಂದು ಕರೆಯುತ್ತಿದ್ದ. ಮುದುಕ ಕೈಕಟ್ಟಿ ‘ಬಂದೆ ಬುದ್ಧಿ’ ಅನ್ನುತ್ತಿದ್ದ. ನಾನು ಹೊಗಳಿದ ಜಗಲಿಯ ಮೇಲೆ ಅವನು ಕೂರುವಂತಿರಲಿಲ್ಲ, ಅಂಗಳದಲ್ಲಿ ನಿಂತೇ ಮಾತು. ಚಹಾದಂಗಡಿಯಲ್ಲಿ ಅವನ ಲೋಟ ಬೇರೆ. ಬಸ್ಸಿನ ಆ ಪ್ರೀತಿಯ ‘ಯಾರ ಪೈಕಿ?’ ಎಂಬ ಪ್ರಶ್ನೆ ಅವನಿಗೆ ಪ್ರೀತಿಯ ಪ್ರಶ್ನೆಯಾಗಿರಲು ಸಾಧ್ಯವೇ ಇರಲಿಲ್ಲ. ಉತ್ತರ ಬಂದ ಮೇಲೆ ಕಡ್ಲೆಕಾಯಿ ಹೊರಗೆ ಬರುವ ಬದಲು ಕೂತವರು ಸರಿದು ಕೂರುತ್ತಿದ್ದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಗುಣಗಾನ ಮಾಡುವವರನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡದ್ದು ಸುಮ್ಮನೆ ಅಲ್ಲ. ಪಕ್ಕದವನು ಯಾರೆಂದು ಕೇಳದೆ ಇಡ್ಲಿ ತಟ್ಟೆ ಮುಂದಕ್ಕೆ ತಳ್ಳುವ ದರ್ಶಿನಿಯ ಒರಟುತನ, ಹಾಗೆ ಕೇಳಿಸಿಕೊಂಡು ಬಂದವನಿಗೆ ದೊಡ್ಡ ಸೌಜನ್ಯ.

ಊರಿನ ಮಾತೂ ಬದಲಾಗದೆ ಇಲ್ಲ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ತೆಗೆದು ಉಳುವವನಿಗೆ ಭೂಮಿ ಕೊಟ್ಟಿತು. ಗೇಣಿ ಹೆಚ್ಚಾಗಿದ್ದ ಕರಾವಳಿ ಮತ್ತು ಮಲೆನಾಡಿನಲ್ಲಿ ಅದರ ಪರಿಣಾಮವೂ ಹೆಚ್ಚು. ಗೇಣಿ ಅಳೆಯಲು ಹೋಗಿ ಅಂಗಳದಲ್ಲಿ ನಿಂತು ‘ಧಣಿಗಳೇ’ ಅನ್ನಬೇಕಿದ್ದವನಿಗೆ ಆ ಅಂಗಳಕ್ಕೆ ಹೋಗುವ ಕೆಲಸವೇ ಇಲ್ಲದಂತಾಯಿತು. ಸಂಬೋಧನೆಗಳು ಉಪದೇಶಕ್ಕೆ ಬಗ್ಗುವುದಿಲ್ಲ, ಪಹಣಿ ಬದಲಾದರೆ ಬಗ್ಗುತ್ತವೆ.

ನಗರ ಮಾತ್ರ ಪೂರಾ ಪರಿಶುದ್ಧ ಎಂದೇನೂ ಅಲ್ಲ. ಬಾಡಿಗೆ ಮನೆ ಹುಡುಕಿಕೊಂಡು ಹೋದವರಿಗೆ ಗೊತ್ತು. "ನೀವು ಯಾವ ಕಡೆಯವರು?" "ಪೂರ್ತಿ ಹೆಸರು ಏನಂದ್ರಿ?" "ಪ್ಯೂರ್ ವೆಜ್ಜಾ?" ಎಲ್ಲವೂ ನಗುನಗುತ್ತಾ, ಬಹುವಚನದಲ್ಲೇ ಬರುತ್ತವೆ. ‘ಯಾರ ಪೈಕಿ?’ ಎಂದು ಕೇಳಲು ನಾಚುವ ನಗರ ಅದೇ ಪ್ರಶ್ನೆಯನ್ನು ಮೂರು ಕಂತಿನಲ್ಲಿ ಕೇಳುತ್ತದೆ. ಆಮೇಲೆ ಬರುವ ಉತ್ತರ ಆಟೊದವನಂತೆ ‘ಇಲ್ಲ’ ಎಂದೂ ಇರುವುದಿಲ್ಲ. "ನಮ್ಮನೆಯವರನ್ನ ಕೇಳಿ ಫೋನ್ ಮಾಡ್ತೀವಿ." ಫೋನು ಬರುವುದಿಲ್ಲ.

ಹೆಣ್ಣುಮಕ್ಕಳ ಲೆಕ್ಕ ಮತ್ತೊಂದು. ‘ಇನ್ನೂ ವಿಶೇಷ ಇಲ್ವಾ?’ ಎಂಬ ಪ್ರಶ್ನೆಯನ್ನು ಊರಿನ ನಲ್ಲಿ ಹತ್ತಿರ, ಜಾತ್ರೆಯಲ್ಲಿ, ಸಾವಿನ ಮನೆಯಲ್ಲೂ ಕೇಳಿಸಿಕೊಂಡವಳಿಗೆ ಹಳ್ಳಿಯ ನೇರ ಮಾತಿನ ಸೊಗಸನ್ನು ವಿವರಿಸಲು ಹೋಗಬಾರದು. ಬೆಂಗಳೂರಿನ ಪಿ.ಜಿ.ಯಲ್ಲಿ ಮೂರು ಜನರ ರೂಮಿನಲ್ಲಿದ್ದು, ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಬರುವ ಹುಡುಗಿಗೆ ಪಕ್ಕದ ರೂಮಿನವಳು ಏನೂ ಕೇಳದಿರುವುದು ದೊಡ್ಡ ಉಪಕಾರ. ಅವಳಿಗೇ ಜ್ವರ ಬಂದು ಎರಡು ದಿನ ಮಲಗಿದಾಗಲೂ ಪಕ್ಕದ ರೂಮಿನವಳು ಏನೂ ಕೇಳುವುದಿಲ್ಲ, ಅದು ಬೇರೆ ಮಾತು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ನಗರ, ಪಟ್ಟಣಗಳಲ್ಲಿ ಇರುವವರು ಶೇ 38ಕ್ಕೂ ಹೆಚ್ಚು. ಅವರಲ್ಲಿ ಬಹಳ ಜನರ ಒಂದು ಕಾಲು ಊರಲ್ಲೇ ಇದೆ. ಗೌರಿ ಹಬ್ಬಕ್ಕೋ ಪಿತೃಪಕ್ಷಕ್ಕೋ ಹೊರಟವರು ನೆಲಮಂಗಲವನ್ನೋ ಬಿಡದಿಯನ್ನೋ ದಾಟುವಷ್ಟರಲ್ಲಿ ಧಾಟಿ ಬದಲಿಸಿಕೊಳ್ಳುತ್ತಾರೆ. ಬೆಳಿಗ್ಗೆ ಕರೆ ಮಾಡುವ ಮುನ್ನ "ಈಗ ಮಾತಾಡಬಹುದಾ?" ಎಂದು ಮೆಸೇಜು ಹಾಕಿದವರೇ ಸಂಜೆ ಹೇಳದೆ ಕೇಳದೆ ಚಿಕ್ಕಪ್ಪನ ಮನೆಗೆ ನುಗ್ಗಿ "ಏನ್ ಅಡ್ಗೆ?" ಅನ್ನುತ್ತಾರೆ. ಎರಡು ಭಾಷೆ ಬಲ್ಲವರಿಗೆ ಸಿಗುವ ಮೆಚ್ಚುಗೆ ಎರಡು ಬಗೆಯ ಸಂಕೋಚ ಬಲ್ಲವರಿಗೆ ಸಿಗುವುದಿಲ್ಲ.

ಈಗೀಗ ಈ ಗಡಿಯೇ ಕಲಸಿಹೋಗುತ್ತಿದೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ಊರುಗಳ ಹೊಲಗಳು ಲೇಔಟುಗಳಾದವು. ದ್ರಾಕ್ಷಿ ತೋಟ ಎಷ್ಟು ಇಳುವರಿ ಕೊಟ್ಟಿತು ಎಂಬುದು ಬಾಯಿಬಿಟ್ಟು ಹೇಳಿಕೊಳ್ಳುವ ಸಂಗತಿಯಾಗಿತ್ತು; ಎಕರೆ ಎಷ್ಟಕ್ಕೆ ಹೋಯಿತು ಎಂಬುದು ಅಲ್ಲ. ಕೇಳಿದರೆ "ಏನೋ ಬಂತು ಬಿಡಣ್ಣ" ಎಂದು ಮಾತು ಮರೆಸುತ್ತಾರೆ. ಒಬ್ಬನಿಗೆ ಸಿಕ್ಕಿದ್ದು ಪಕ್ಕದವನಿಗೆ ಸಿಗದೆ ಹೋದ ಮೇಲೆ, ಕೋರ್ಟಿನಲ್ಲಿ ಅಕ್ಕತಂಗಿಯರ ದಾವೆ ನಿಂತ ಮೇಲೆ ಬಯಲಿನಲ್ಲಿದ್ದ ಲೆಕ್ಕ ಬೀರು ಸೇರಿತು. ಜಗಲಿಯಿದ್ದ ಕಡೆ ಕಾಂಪೌಂಡು, ಗೇಟಿಗೆ ‘ನಾಯಿ ಇದೆ’ ಎಂಬ ಬೋರ್ಡು. ಸಾಲ ಕೇಳಿದರೆ "ಎಲ್ಲ ಎಫ್‌ಡಿ ಮಾಡ್ಬಿಟ್ಟಿದೀನಿ, ಇಲ್ಲ" ಎಂಬ ಉತ್ತರ ನಿಂತ ಕಾಲಲ್ಲೇ ಬರುತ್ತದೆ. ನಾಟಿಗೆ ಮುಯ್ಯಾಳು ಬೇಕಾಗಿಲ್ಲದವನಿಗೆ ಕಬ್ಬಿನ ಬಿಲ್ಲಿನ ನೆಪ ಹೇಳುವ ಶ್ರಮ ಯಾಕೆ?

ಅದೇ ಊರುಗಳ ಮದುವೆಗಳಲ್ಲಿ ಮುಯ್ಯಿ ಮಾತ್ರ ಇನ್ನೂ ನಿಂತಿಲ್ಲ. ನೋಟ್ ಪುಸ್ತಕದ ಪಕ್ಕದಲ್ಲಿ ಈಗ ಕೆಲವೆಡೆ ಕ್ಯೂಆರ್ ಕೋಡಿನ ಹಲಗೆಯೂ ಇರುತ್ತದೆ. ಸ್ಕ್ಯಾನ್ ಮಾಡಿದರೆ ದುಡ್ಡು ಸದ್ದಿಲ್ಲದೆ ಹುಡುಗಿಯ ಅಪ್ಪನ ಖಾತೆಗೆ ಹೋಗಿಬಿಡುತ್ತದೆ. ಮೈಕಿನವನು ಬಿಡುವುದಿಲ್ಲ: "ಎಷ್ಟು ಹಾಕಿದ್ರಿ ಅಂತ ಒಂಚೂರು ಹೇಳಿ ಸರ್, ಓದ್ಬೇಕು."